ಓದುಗರ ಪ್ರಶ್ನೆ: ಒಲೆ ಕೆಂಪಗಾದರೆ ಏನು ಮಾಡಬೇಕು?

ಈ ಸಲ ಬಂದ ಪ್ರಶ್ನೆಗಳೆಲ್ಲ ಬೆಂಕಿಯ ಸುತ್ತಲೇ ಇವೆ. ದೀಪಾವಳಿ ಮುಗಿದು ಸಹ್ಯಾದ್ರಿಯ ಮೇಲೆ ಚಳಿ ಕೂತಿತು ಅಂದರೆ ಪುಣೆ, ಮುಂಬಯಿಯ ನಮ್ಮ ಜನ ಪಂಚಗಣಿ, ಮಹಾಬಳೇಶ್ವರ, ಲೋಣಾವಳ ಅಂತ ಹೊರಡುತ್ತಾರೆ. ಅಲ್ಲಿ ಅಗ್ಗಿಷ್ಟಿಕೆ ಕಂಡರೆ ಸುಮ್ನೆ ಇರಲಾಗದೆ ಕಡ್ಡಿ ಗೀರುತ್ತಾರೆ. ಗೋವಾದವರಿಗೆ ಬಚ್ಚಲ ಒಲೆಯ ಚಿಂತೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ಅಂತ ಸಂಪಾದಕರು ಎಲ್ಲವನ್ನೂ ನನ್ನ ಕಡೆ ತಳ್ಳಿದ್ದಾರೆ. ಇರಲಿ.

ಪ್ರಶ್ನೆ: ಪಂಚಗಣಿಯಲ್ಲಿ ನಾವು ಅಣ್ಣತಮ್ಮಂದಿರು ಸೇರಿ ಹಳೇ ಕಲ್ಲಿನ ಬಂಗಲೆ ತೆಗೆದುಕೊಂಡಿದ್ದೇವೆ. ಹಾಲ್‌ನಲ್ಲಿ ಗಾಜಿನ ಬಾಗಿಲಿನ ಬೀಡುಕಬ್ಬಿಣದ ಸೌದೆ ಒಲೆ ಕೂರಿಸಿದ್ದೇವೆ. ಮೊನ್ನೆ ಬೇಗ ಹತ್ತಲಿ ಅಂತ ಕೆಳಗಿನ ಬೂದಿ ಬಾಗಿಲು ತೆರೆದಿಟ್ಟು, ಒಲೆ ತುಂಬ ಒಣ ಜಾಲಿ ಸೌದೆ ಹಾಕಿ ಊಟಕ್ಕೆ ಕೂತೆವು. ಬಂದು ನೋಡಿದರೆ ಹೊಗೆ ಕೊಳವೆಯ ಬುಡ ಮಂದ ಕೆಂಪಾಗಿತ್ತು. ನಮ್ಮ ಭಾವ ನೀರು ತರಲು ಓಡಿದರು, ನಾನು ತಡೆದೆ. ಸರಿ ಮಾಡಿದೆನಾ ಸರ್? ಮುಂದೆ ಹೀಗಾಗದಂತೆ ಏನು ಮಾಡಬೇಕು? (ಕೋಥ್ರೂಡ್, ಪುಣೆ)

ಉತ್ತರ: ತಡೆದದ್ದು ನೂರಕ್ಕೆ ನೂರು ಸರಿ. ಕಾದ ಬೀಡಿನ ಮೇಲೆ ತಣ್ಣೀರು ಬಿದ್ದರೆ ಅದು ಸೀಳುತ್ತದೆ, ಆವಿ ಬುಸ್ ಅಂತ ಮುಖಕ್ಕೆ ಹೊಡೆಯುತ್ತದೆ, ಜೊತೆಗೆ ಕೆಂಡ ಹಾಲ್ ತುಂಬ ಹಾರುತ್ತದೆ. ನಿಮ್ಮ ಭಾವನವರಿಗೆ ಬೇಜಾರಾಗದ ಹಾಗೆ ಹೇಳಿಬಿಡಿ.

ಕಬ್ಬಿಣ ಕತ್ತಲಲ್ಲಿ ಮಂದ ಕೆಂಪಾಗಿ ಕಾಣಬೇಕಾದರೆ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ. ಬೂದಿ ಬಾಗಿಲು ಮುಚ್ಚಿ, ಗಾಳಿ ಬರುವ ತೂತುಗಳನ್ನೆಲ್ಲ ಮುಚ್ಚಿ, ಗಾಜಿನ ಬಾಗಿಲನ್ನು ತೆರೆಯಲೇಬೇಡಿ, ಇನ್ನೊಂದು ತುಂಡು ಸೌದೆಯನ್ನೂ ಹಾಕಬೇಡಿ. ಹತ್ತಿರದ ಸೋಫಾ, ಪರದೆ ಸರಿಸಿ. ಮಕ್ಕಳನ್ನು ಹೊರಗೆ ಕಳಿಸಿ. ಗಾಳಿ ಸಿಗದಿದ್ದರೆ ಬೆಂಕಿ ತಾನಾಗಿ ತಗ್ಗುತ್ತದೆ. ಆದರೆ ಕೊಳವೆಯೊಳಗಿಂದ ರೈಲು ಬಂದ ಹಾಗೆ ಗುಡುಗುಡು ಸದ್ದು ಬಂದರೆ, ಇಲ್ಲವೇ ಚಿಮಣಿ ತುದಿಯಿಂದ ಕಿಡಿ ಹಾರುತ್ತಿದ್ದರೆ, ಬೆಂಕಿ ಒಲೆಯಲ್ಲಿ ಮಾತ್ರ ಇಲ್ಲ, ಚಿಮಣಿಯ ಒಳಗೋಡೆಗೆ ಅಂಟಿದ ಮಸಿಯೇ ಹತ್ತಿಕೊಂಡಿದೆ ಅಂತ ಅರ್ಥ. ಆಗ ಶಾಖ 1000 ಡಿಗ್ರಿ ಮುಟ್ಟುತ್ತದೆ. ಒಲೆಯ ಗಾಳಿ ಮುಚ್ಚಿ ಎಲ್ಲರೂ ಮನೆಯಿಂದ ಹೊರಗೆ ಬನ್ನಿ, 101ಕ್ಕೋ 112ಕ್ಕೋ ಫೋನ್ ಮಾಡಿ. ಆಮೇಲೆ ಬೆಂಕಿ ಆರಿದರೂ ಚಿಮಣಿಯನ್ನು ಪೂರ್ತಿ ಪರೀಕ್ಷೆ ಮಾಡಿಸದೆ ಒಲೆ ಹಚ್ಚಬೇಡಿ. ಬಿರುಕು ಬಿಟ್ಟ ಚಿಮಣಿ ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ.

ಈಗ ಕಾರಣಕ್ಕೆ ಬರೋಣ. ಬೂದಿ ಬಾಗಿಲು ತೆರೆದಿಟ್ಟರೆ ಗಾಳಿ ಜಾಲರಿಯ ಕೆಳಗಿನಿಂದ ನೇರವಾಗಿ ಕೆಂಡಕ್ಕೆ ನುಗ್ಗುತ್ತದೆ, ಕಮ್ಮಾರ ಕುಲುಮೆಗೆ ತಿದಿ ಒತ್ತಿದ ಹಾಗೆ. ಕಮ್ಮಾರನಿಗೆ ಬೇಕಾದದ್ದೂ ಕಬ್ಬಿಣ ಕೆಂಪಗಾಗುವುದೇ ಅಲ್ವಾ? ಆ ಬಾಗಿಲು ಇರುವುದು ಬೂದಿ ತೆಗೆಯಲಿಕ್ಕೆ. ಒಲೆ ಹಚ್ಚಲು ಅದನ್ನು ತೆರೆಯುವ ಅಭ್ಯಾಸ ಬಿಟ್ಟುಬಿಡಿ. ಅದರ ಸುತ್ತ, ಗಾಜಿನ ಬಾಗಿಲಿನ ಸುತ್ತ, ಶಾಖ ತಡೆಯುವ ನಾರಿನ ಹಗ್ಗ ಇರುತ್ತದೆ. ಅದು ಸವೆದಿದ್ದರೆ ನೀವು ಎಷ್ಟು ಮುಚ್ಚಿದರೂ ಗಾಳಿ ಕದ್ದು ಒಳಗೆ ಬರುತ್ತದೆ. ಒಲೆ ತಣ್ಣಗಿದ್ದಾಗ ಬಾಗಿಲ ಸಂದಿಯಲ್ಲಿ ಕಾಗದದ ಚೂರು ಇಟ್ಟು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಬಂದರೆ ಹಗ್ಗ ಬದಲಿಸುವ ಕಾಲ ಬಂದಿದೆ.

ಎರಡನೆಯದು ಸೌದೆಯ ಲೆಕ್ಕ. ಇದನ್ನು ಯಾರೂ ಮಾಡುವುದಿಲ್ಲ, ನೀವಾದರೂ ಮಾಡಿ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯುನಿಟ್ ಶಾಖ ಇದೆ, ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯುನಿಟ್. ಒಳ್ಳೆಯ ಒಲೆ ಅದರಲ್ಲಿ 70 ಪರ್ಸೆಂಟ್‌ನಷ್ಟು ಕೋಣೆಗೆ ಕೊಡುತ್ತದೆ. ಅಂದರೆ ಗಂಟೆಗೆ ಒಂದು ಕಿಲೋ ಉರಿದರೆ ನಿಮಗೆ 2.8 ಕಿಲೋವ್ಯಾಟ್, ಪಂಚಗಣಿ ಚಳಿಯಲ್ಲಿ ಒಂದು ಸಾಧಾರಣ ಹಾಲ್‌ಗೆ ಅಷ್ಟು ಸಾಕು. ಅದೇ 5 ಕಿಲೋ ಒಂದೇ ಗಂಟೆಯಲ್ಲಿ ಉರಿಸಿದರೆ 14 ಕಿಲೋವ್ಯಾಟ್, ಏಳು ದೊಡ್ಡ ರೂಮ್ ಹೀಟರ್‌ಗಳನ್ನು ಒಟ್ಟಿಗೆ ಹಚ್ಚಿದಷ್ಟು. ಒಲೆ ತುಂಬ ಸೌದೆ ತುಂಬಿ ಗಾಳಿ ಬಿಟ್ಟರೆ ಇದೇ ಆಗುವುದು. ಎಷ್ಟೋ ವಿದೇಶಿ ಒಲೆಗಳನ್ನು ಹಿಮ ಬೀಳುವ ಊರುಗಳಿಗೆ ಅಂತ ಮಾಡಿರುತ್ತಾರೆ. ಮಹಾಬಳೇಶ್ವರದ ವೆಣ್ಣಾ ಕೆರೆಯ ಹತ್ತಿರ ಚಳಿಗಾಲದ ಕೆಲವು ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟುತ್ತದೆ ನಿಜ, ಆದರೂ ನಮಗೆ ಅಷ್ಟು ದೊಡ್ಡ ಒಲೆ ಜಾಸ್ತಿಯೇ.

ಹಾಗಾದರೆ ಒಲೆ ತುಂಬಿ, ಗಾಳಿ ಪೂರ್ತಿ ಕಡಿಮೆ ಮಾಡಿ ರಾತ್ರಿಯಿಡೀ ನಿಧಾನಕ್ಕೆ ಉರಿಸೋಣ ಅಂತೀರಾ? ಅದು ಇನ್ನೊಂದು ತಪ್ಪು. ಸೌದೆಯ ಅರ್ಧಕ್ಕಿಂತ ಹೆಚ್ಚು ಶಾಖ ಇರುವುದು ಅದರಿಂದ ಹೊರಬರುವ ಅನಿಲದಲ್ಲಿ. ಗಾಳಿ ಸಾಲದಿದ್ದರೆ ಅದು ಉರಿಯದೆ ಹೊಗೆಯಾಗಿ ಮೇಲೆ ಹೋಗಿ, ತಣ್ಣಗಿನ ಚಿಮಣಿಯ ಗೋಡೆಗೆ ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ. ಕ್ರಿಯೋಸೋಟ್ ಅನ್ನುವುದು ಅದನ್ನೇ. ತಿಂಗಳುಗಟ್ಟಲೆ ಉಸಿರು ಕಟ್ಟಿಸಿ ಉರಿಸಿದ ಒಲೆಯಲ್ಲಿ ಒಂದು ದಿನ ಯಾರೋ ಜೋರಾಗಿ ಬೆಂಕಿ ಮಾಡುತ್ತಾರೆ, ಆ ಡಾಂಬರು ಹತ್ತಿಕೊಳ್ಳುತ್ತದೆ. ಚಿಮಣಿ ಬೆಂಕಿಗಳು ಆಗುವುದು ಬಹಳ ಮಟ್ಟಿಗೆ ಹೀಗೆಯೇ. ಆದ್ದರಿಂದ ಬೆಂಕಿ ಸಣ್ಣದಿರಲಿ, ಆದರೆ ಚುರುಕಾಗಿರಲಿ. ಎರಡು ಮೂರು ತುಂಡು, ಸಾಕಷ್ಟು ಗಾಳಿ, ಹಳದಿ ಜ್ವಾಲೆ. ಅದು ಕೆಂಡವಾದ ಮೇಲೆ ಮತ್ತೊಂದೆರಡು. ಕೋಣೆ ಬೆಚ್ಚಗಾಯಿತಾ, ಮುಂದಿನ ತುಂಡು ಹಾಕಬೇಡಿ, ಅಷ್ಟೇ. ಶಾಖದ ಅಳತೆ ನಿಮ್ಮ ಕೈಯಲ್ಲಿರುವ ಸೌದೆಯಲ್ಲಿ ಇರಲಿ, ಗಾಳಿಯ ಹಿಡಿಕೆಯಲ್ಲಿ ಅಲ್ಲ.

ಕೊಳವೆಗೆ ಅಂಟಿಸುವ ಅಯಸ್ಕಾಂತದ ಥರ್ಮಾಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ತಗೊಳ್ಳಿ. ಒಂದೇ ಪದರದ ಕೊಳವೆಯ ಹೊರಮೈ ಸುಮಾರು 120ರಿಂದ 240 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ಅದಕ್ಕಿಂತ ಕಡಿಮೆ ಇದ್ದರೆ ಮಸಿ ಕಟ್ಟುತ್ತಿದೆ, ಜಾಸ್ತಿ ಇದ್ದರೆ ಒಲೆ ಮಿತಿ ಮೀರುತ್ತಿದೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ನನಗೆ ಜಾಸ್ತಿ ಚಿಂತೆ ಇದರದ್ದೇ. ಹಳೇ ಬಂಗಲೆ ಅಂದಿರಿ. ಮೇಲೆ ಮಂಗಳೂರು ಹೆಂಚು, ಮರದ ತೊಲೆ, ರೀಪು ಇರಬಹುದು. ಆ ಕೊಳವೆ ಛಾವಣಿಯನ್ನು ಎಲ್ಲಿ ದಾಟುತ್ತದೆ, ಅಲ್ಲಿ ಮರ ಎಷ್ಟು ದೂರ ಇದೆ ನೋಡಿದ್ದೀರಾ? ಒಂದೇ ಪದರದ ಕೊಳವೆಯಿಂದ ಮರಕ್ಕೆ ಕನಿಷ್ಠ ಒಂದೂವರೆ ಅಡಿ ಬೇಕು. ಛಾವಣಿ ದಾಟುವ ಕಡೆ ಎರಡು ಪದರದ, ನಡುವೆ ಶಾಖ ತಡೆಯುವ ಪದಾರ್ಥ ತುಂಬಿದ ಕೊಳವೆಯೇ ಆಗಬೇಕು. ಮರ ವರ್ಷಗಟ್ಟಲೆ ಕಾಯುತ್ತಾ ಬಂದರೆ ಒಳಗೊಳಗೇ ಇದ್ದಿಲಿನ ಹಾಗಾಗುತ್ತದೆ, ಆಮೇಲೆ ಹೊಸ ಮರಕ್ಕಿಂತ ಕಡಿಮೆ ಶಾಖಕ್ಕೇ ಹತ್ತಿಕೊಳ್ಳುತ್ತದೆ. ಇಷ್ಟು ವರ್ಷ ಏನೂ ಆಗಿಲ್ಲ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಒಂದು ಸಲ ಕೆಂಪಾದ ಕೊಳವೆ ಅಂತೂ ಬದಲಿಸಿ. ಒಲೆಯ ಸುತ್ತ ಮೂರು ಅಡಿಯೊಳಗೆ ಸೋಫಾ, ಪರದೆ, ಒಣಗಲು ಹಾಕಿದ ಬಟ್ಟೆ ಯಾವುದೂ ಬೇಡ.

ಪ್ರಶ್ನೆ: ಲೋಣಾವಳದಲ್ಲಿ ನಮ್ಮ ಮಾವನ ಮನೆಯಲ್ಲಿ ಗೋಡೆಯೊಳಗಿನ ಹಳೇ ಅಗ್ಗಿಷ್ಟಿಕೆ ಇದೆ. ಮಳೆಗಾಲ ಮುಗಿದ ಮೇಲೆ ಮೊದಲ ಸಲ ಹಚ್ಚಿದರೆ ಹೊಗೆಯೆಲ್ಲ ಮನೆಯೊಳಗೇ ಬರುತ್ತದೆ. ಮಕ್ಕಳಿಗೆ ಚಳಿಯಾಗುತ್ತೆ ಅಂತ ಕಿಟಕಿ ಮುಚ್ಚಿರುತ್ತೇವೆ. ಏನು ಮಾಡೋದು? (ಮುಲುಂಡ್, ಮುಂಬಯಿ)

ಉತ್ತರ: ಮೊದಲು ಟಾರ್ಚ್ ಹಿಡಿದು ಚಿಮಣಿಯೊಳಗೆ ನೋಡಿ ತಾಯಿ. ಘಟ್ಟದ ಮೇಲಿನ ಮನೆಗಳಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಹಕ್ಕಿ ಗೂಡು, ಜೇನು, ಒಣ ಎಲೆ ಎಲ್ಲಾ ಅಲ್ಲಿ ಸಂಸಾರ ಹೂಡಿರುತ್ತವೆ. ಜೇನಿದ್ದರೆ ದಯವಿಟ್ಟು ಹೊಗೆ ಹಾಕಿ ಓಡಿಸುವ ಸಾಹಸ ಬೇಡ, ಗೊತ್ತಿದ್ದವರನ್ನು ಕರೆಸಿ. ಕತ್ತಿನ ಹತ್ತಿರ ಕಬ್ಬಿಣದ ತಗಡಿನ ಮುಚ್ಚಳ ಇರುತ್ತದೆ, ಡ್ಯಾಂಪರ್ ಅನ್ನುತ್ತಾರೆ, ಅದು ತುಕ್ಕು ಹಿಡಿದು ಮುಚ್ಚಿಕೊಂಡೇ ಇರುತ್ತದೆ ಎಷ್ಟೋ ಸಲ.

ದಾರಿ ಸರಿಯಿದೆ ಅಂದ ಮೇಲೂ ಹೊಗೆ ಬಂದರೆ ಕಾರಣ ಚಿಮಣಿ ತಣ್ಣಗಿರುವುದು. ನೀರು ಕುಡಿದ ಇಟ್ಟಿಗೆ ಬೇರೆ. ಸುರುಳಿ ಮಾಡಿದ ಪೇಪರ್ ಹತ್ತಿಸಿ ಒಂದೆರಡು ನಿಮಿಷ ಚಿಮಣಿಯ ಬಾಯಿಗೆ ಹಿಡಿಯಿರಿ, ಆಮೇಲೆ ಊದುಬತ್ತಿ ಹಚ್ಚಿ ಅಲ್ಲೇ ಹಿಡಿದು ನೋಡಿ. ಹೊಗೆ ಮೇಲಕ್ಕೆ ಎಳೆದುಕೊಂಡು ಹೋದರೆ ಒಲೆ ಹಚ್ಚಬಹುದು, ನಿಮ್ಮ ಮುಖಕ್ಕೇ ತಿರುಗಿದರೆ ಬೇಡ. ಆ ಕಿಟಕಿಯನ್ನು ಎರಡು ಬೆರಳು ತೆರೆದಿಡಿ. ಚಿಮಣಿಯಿಂದ ಹೊರಗೆ ಹೋಗುವಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕಲ್ಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಅದು ಅಗ್ಗಿಷ್ಟಿಕೆಯ ಹೊಗೆಯನ್ನೇ ಹಿಂದಕ್ಕೆ ಎಳೆಯುತ್ತದೆ, ಆಫ್ ಮಾಡಿ. ಮೊದಲ ಎರಡು ಮೂರು ಸಂಜೆ ತೀರಾ ಸಣ್ಣ ಬೆಂಕಿ ಇರಲಿ, ಒದ್ದೆ ಇಟ್ಟಿಗೆ ಒಮ್ಮೆಲೇ ಕಾದರೆ ಬಿರುಕು ಬಿಡುತ್ತದೆ.

ಸೌದೆ ಹೊರಗೆ ಶೆಡ್‌ನಲ್ಲಿತ್ತಾ? ಆ ಮಳೆಯಲ್ಲಿ ಯಾವ ಶೆಡ್ಡೂ ಸಾಲದು. ಸೌದೆಯಲ್ಲಿ ನೀರಿನಂಶ 20 ಪರ್ಸೆಂಟ್‌ಗಿಂತ ಕಡಿಮೆ ಇರಬೇಕು, ಹಸಿ ಮರದಲ್ಲಿ ಹತ್ತಿರಹತ್ತಿರ ಅರ್ಧ ಭಾರ ನೀರೇ. ಎರಡು ತುಂಡು ಒಂದಕ್ಕೊಂದು ತಟ್ಟಿ, ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಿದ್ದರೆ ದಬ್ ಅನ್ನುತ್ತದೆ. ಮುಂದಿನ ಚಳಿಗಾಲದ ಸೌದೆಯನ್ನು ಈ ಚಳಿಗಾಲ ಮುಗಿಯುವಷ್ಟರಲ್ಲಿ ಸೀಳಿಸಿ, ಬೇಸಿಗೆ ಬಿಸಿಲು ತಿನ್ನಿಸಿ, ಮಳೆಗೆ ಮೊದಲೇ ಮನೆಯೊಳಗೆ ಪೇರಿಸಿ. ಮುರಿದ ಪ್ಲೈವುಡ್, ಬಣ್ಣ ಬಳಿದ ಕಿಟಕಿ ಚೌಕಟ್ಟು, ಸನ್‌ಮೈಕಾ ಬೇಡವೇ ಬೇಡ, ಅಂಟು ಮತ್ತು ಬಣ್ಣದ ಹೊಗೆ ಮಕ್ಕಳ ಎದೆಗೆ ಹೋಗುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಸುರಿಯುವವರ ಬಗ್ಗೆ ನಾನೇನೂ ಹೇಳುವುದಿಲ್ಲ.

ಮತ್ತೆ, ಬೆಂಕಿಯ ಮುಂದೆ ಜಾಲರಿ ಪರದೆ ಇಡಿ. ಪುಟ್ಟ ಕೈ ಎಲ್ಲಾದರೂ ತಾಗಿತು ಅಂದರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು ಡಾಕ್ಟರ ಹತ್ತಿರ ಹೋಗಿ. ಟೂತ್‌ಪೇಸ್ಟ್, ತುಪ್ಪ ಹಚ್ಚುವ ಅಜ್ಜಿಯರನ್ನು ಸ್ವಲ್ಪ ದೂರ ಇಡಿ, ಪ್ರೀತಿಯಿಂದಲೇ.

ಪ್ರಶ್ನೆ: ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ರಾತ್ರಿ ಗೇಟಿನ ಹತ್ತಿರ ಶೇಕೋಟಿ ಹಾಕಿ ಚಳಿ ಕಾಯಿಸುತ್ತಾನೆ. ಬೆಳಗಿನ ಜಾವಕ್ಕೆ ಕೆಂಡವನ್ನು ಶೆಗಡಿಗೆ ತುಂಬಿ ತನ್ನ ಕ್ಯಾಬಿನ್ ಒಳಗೆ ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳುತ್ತಾನೆ. ಹೊಗೆ ಇಲ್ಲ, ಬರೀ ಕೆಂಡ, ಪರವಾಗಿಲ್ಲ ಅನ್ನುತ್ತಾನೆ. ನಿಜವಾ? (ಔಂಧ್, ಪುಣೆ)

ಉತ್ತರ: ಈ ಪತ್ರ ಓದಿದ ಕೂಡಲೇ ಕೆಳಗಿಳಿದು ಹೋಗಿ ಆ ಶೆಗಡಿ ಹೊರಗಿಡಿಸಿ. ಹೊಗೆ ಇಲ್ಲದ ಕೆಂಡವೇ ಜಾಸ್ತಿ ಅಪಾಯ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆ ಸುತ್ತು, ಆಮೇಲೆ ನಿದ್ದೆ, ಆ ನಿದ್ದೆಯಿಂದ ಏಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಶೆಗಡಿ ಇಟ್ಟುಕೊಂಡು ಮಲಗಿದವರು ಸತ್ತ ಸುದ್ದಿ ಉತ್ತರ ಭಾರತದಿಂದ ಪ್ರತಿ ಚಳಿಗಾಲ ಬರುತ್ತದೆ. ಗಾಳಿಯಾಡದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸತ್ತವರದೂ ಇದೇ ಕಥೆ.

ಒಂದೇ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಶುರುವಾಗಿ, ಹೊರಗೆ ಹೋದರೆ ಕಡಿಮೆಯಾದರೆ ಇದನ್ನೇ ಅನುಮಾನಿಸಿ, ತಕ್ಷಣ ಹೊರಗಿನ ಗಾಳಿಗೆ ಬಂದು ಆಸ್ಪತ್ರೆಗೆ ಹೋಗಿ. ಅಗ್ಗಿಷ್ಟಿಕೆ ಇರುವವರಿಗೂ ಈ ಮಾತು ಅನ್ವಯ. ಜ್ವಾಲೆ ನಿಂತಿತು ಅಂತ ಡ್ಯಾಂಪರ್ ಮುಚ್ಚಿ ಮಲಗಬೇಡಿ, ಕೆಂಡ ಪೂರ್ತಿ ಆರುವವರೆಗೆ ಅದು ತೆರೆದಿರಲಿ. ಈ ಅನಿಲ ಕಂಡರೆ ಕೂಗುವ ಸಣ್ಣ ಅಲಾರಂ ಸಿಗುತ್ತದೆ, ಮಲಗುವ ಕೋಣೆಯ ಹತ್ತಿರ ಹಾಕಿಸಿ. ವಾಚ್‌ಮನ್‌ಗೆ ಬುದ್ಧಿ ಹೇಳಿ ಬಂದರೆ ಸಾಲದು, ಸೊಸೈಟಿಯ ಖರ್ಚಿನಲ್ಲಿ ಒಳ್ಳೆಯ ಜಾಕೆಟ್, ಕಂಬಳಿ ಕೊಡಿಸಿ. ಪುಣೆಯ ಚಳಿ 10 ಡಿಗ್ರಿಗೆ ಇಳಿದ ರಾತ್ರಿ ಅವನು ಚಳಿ ಕಾಯಿಸದೆ ಇನ್ನೇನು ಮಾಡಬೇಕು, ಹೇಳಿ?

ಪ್ರಶ್ನೆ: ನಮ್ಮ ಹಿತ್ತಲ ಬಚ್ಚಲಿನಲ್ಲಿ ತಾಮ್ರದ ಹಂಡೆ, ಸೌದೆ ಒಲೆ. ತೆಂಗಿನ ಕರಟ, ಸೋಗೆ, ಗೇರುಬೀಜದ ಸಿಪ್ಪೆ ಎಲ್ಲಾ ಅದಕ್ಕೇ. ಈಗ ಮಗ ಕೊಲ್ಹಾಪುರದಿಂದ ತಾಮ್ರದ ಬಂಬ ತಂದಿದ್ದಾನೆ, ಬಚ್ಚಲ ಮನೆಯೊಳಗೇ ಇಡೋಣ ಅನ್ನುತ್ತಾನೆ. ಇಡಬಹುದಾ? (ಫೋಂಡಾ, ಗೋವಾ)

ಉತ್ತರ: ಬಂಬ ಚೆನ್ನಾಗಿದೆ ಅಮ್ಮ, ಜಾಗ ಚೆನ್ನಾಗಿಲ್ಲ. ಅದರ ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಹಾಗಾಗಿ ಹಂಡೆಗಿಂತ ಕಡಿಮೆ ಸೌದೆಗೆ ಬೇಗ ಕಾಯುತ್ತದೆ. ಆದರೆ ಬೆಂಕಿಯಂತೂ ಅದೇ ಬೆಂಕಿ. ಸ್ನಾನ ಮಾಡುವ ಮುಚ್ಚಿದ ಕೋಣೆಯಲ್ಲಿ ಬೇಡ, ಹಿತ್ತಲ ಜಗಲಿಯಲ್ಲಿ ಇಡಿ, ಬಕೆಟ್‌ನಲ್ಲಿ ನೀರು ಒಳಗೆ ತೆಗೆದುಕೊಂಡು ಹೋಗಿ. ಮೇಲಿನ ಔಂಧ್ ಉತ್ತರ ಮಗನಿಗೆ ಓದಿಸಿ.

ಬಂಬದಲ್ಲಿ ನೀರು ಇರುವಷ್ಟು ಹೊತ್ತು ತಾಮ್ರದ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರು ಖಾಲಿಯಾಗಿ ಬೆಂಕಿ ಉರಿಯುತ್ತಿದ್ದರೆ ಬೆಸುಗೆ ಕರಗಿಬಿಡುತ್ತದೆ, ತವರ 232 ಡಿಗ್ರಿಗೇ ಕರಗುವ ಲೋಹ. ಹಾಗಾಗಿ ಮೊದಲು ನೀರು, ಆಮೇಲೆ ಬೆಂಕಿ. ಬಿಸಿನೀರು ತೆಗೆದಷ್ಟೂ ತಣ್ಣೀರು ಸುರಿಯುತ್ತಾ ಇರಿ. ಇನ್ನೂ ಮುಖ್ಯ, ಆವಿ ಹೋಗುವ ದಾರಿಯನ್ನು ಯಾವತ್ತೂ ಮುಚ್ಚಬೇಡಿ. ಸೋರುತ್ತದೆ ಅಂತ ಕೆಲವರು ಮೇಲಿನ ಬಾಯಿಗೆ ಬಿರಡೆ ಬಡಿಯುತ್ತಾರೆ, ನಲ್ಲಿಯನ್ನೂ ಬಿಗಿ ಮಾಡುತ್ತಾರೆ. ಅಲ್ಲಿಗೆ ಅದು ಬಂಬ ಅಲ್ಲ, ಸೇಫ್ಟಿ ವಾಲ್ವ್ ಇಲ್ಲದ ಬಾಯ್ಲರ್. ಬಾಯ್ಲರ್ ಮನೆಯಲ್ಲಿ ದುಡಿದವನ ಮಾತು ಅಂತ ನಂಬಿ.

ಇನ್ನು ಸೌದೆ. ಕರಟ ತುಂಬಾ ಜೋರಾಗಿ ಉರಿಯುತ್ತದೆ, ಸೌದೆಯ ಲೆಕ್ಕದಲ್ಲಿ ಬುಟ್ಟಿಗಟ್ಟಲೆ ಹಾಕಬೇಡಿ, ಬೆಂಕಿ ಹಿಡಿಸಲು ನಾಲ್ಕು ಚೂರು ಸಾಕು. ಸೋಗೆಯ ಉರಿ ಭುಗ್ ಅಂತ ಎದ್ದು ಒಲೆಯ ಬಾಯಿಂದ ಹೊರಗೆ ಚಾಚುತ್ತದೆ, ಸೀರೆ ಸೆರಗು ಹುಷಾರು. ಗೇರು ಸಿಪ್ಪೆ ಪೂರ್ತಿ ನಿಲ್ಲಿಸಿ. ಅದರ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ ಅಂತ ನಿಮಗೇ ಗೊತ್ತು, ಹೊಗೆಯೂ ಕಣ್ಣು, ಗಂಟಲಿಗೆ ಒಳ್ಳೆಯದಲ್ಲ. ಹಂಡೆ ಒಲೆಯನ್ನೂ ಸುಧಾರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಅಸ್ತ್ರ ಒಲೆ ಮಾಡಿದ್ದು ನೆನಪಿರಬಹುದು. ಕಬ್ಬಿಣದ ಜಾಲರಿಯ ಮೇಲೆ ಸೌದೆ, ಅಳತೆಯ ಗಾಳಿ, ಹೊಗೆಗೆ ಚಿಮಣಿ. ನಿಮ್ಮ ಒಲೆಗೂ ಒಂದು ಜಾಲರಿ, ಒಂದು ಹೊಗೆ ಕೊಳವೆ ಹಾಕಿಸಿದರೆ ಅರ್ಧ ಕೆಮ್ಮು ಹೋಗುತ್ತದೆ.

ಪ್ರಶ್ನೆ: ಡೊಂಬಿವಲಿಯ ನಮ್ಮ 11ನೇ ಮಹಡಿಯ ಫ್ಲಾಟ್‌ಗೆ ಚಿಮಣಿ ಬೇಡದ, ಎಥನಾಲ್‌ನಲ್ಲಿ ಉರಿಯುವ ಅಲಂಕಾರದ ಅಗ್ಗಿಷ್ಟಿಕೆ ತರೋಣ ಅಂತ ಮಗಳ ಆಸೆ. ತರಬಹುದಾ?

ಉತ್ತರ: ಡೊಂಬಿವಲಿಯಲ್ಲಾ? ಚಳಿ ಎಲ್ಲಿದೆ ಅಲ್ಲಿ? ತರಲೇಬೇಕು ಅಂದರೆ ಒಂದು ವಿಷಯ ಗೋಡೆಯ ಮೇಲೆ ಬರೆದಿಡಿ: ಉರಿಯುತ್ತಿರುವಾಗಲೋ, ಬಿಸಿಯಿರುವಾಗಲೋ ಎಥನಾಲ್ ಸುರಿಯಬಾರದು. ಹಗಲಲ್ಲಿ ಆ ಜ್ವಾಲೆ ಸರಿಯಾಗಿ ಕಾಣುವುದೇ ಇಲ್ಲ. ಆರಿದೆ ಅಂತ ಬಾಟಲಿ ಬಗ್ಗಿಸಿದರೆ ಬೆಂಕಿ ಬಾಟಲಿಯೊಳಗೆ ಹಾರಿ ಎದುರಿಗಿದ್ದವರ ಮೇಲೆ ಚಿಮ್ಮುತ್ತದೆ. ಅದೂ ಕೋಣೆಯ ಆಮ್ಲಜನಕವನ್ನೇ ತಿನ್ನುತ್ತದೆ, ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೇಡ. ನನ್ನ ಕೇಳಿದರೆ ಎಲ್‌ಇಡಿ ಜ್ವಾಲೆಯ ಡಬ್ಬಿ ತಂದುಕೊಡಿ, ಮಗಳಿಗೆ ಫೋಟೋ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಒಲೆಯ ಬೂದಿ ಯಾವಾಗ ತೆಗೆಯಬೇಕು? ಗಿಡಗಳಿಗೆ ಹಾಕಬಹುದಾ? (ವಾಯಿ)

ಉತ್ತರ: ಒಲೆ ಆರಿದ ಮರುದಿನ ಬೂದಿ ತಣ್ಣಗಿದೆ ಅನಿಸುತ್ತದೆ, ಒಳಗೆ ಕೆಂಡ ಇರುತ್ತದೆ. ಬೂದಿ ಮುಚ್ಚಿದ ಕೆಂಡ ಮೂರು ನಾಲ್ಕು ದಿನ ಜೀವ ಹಿಡಿದಿರಬಲ್ಲದು. ಪ್ಲಾಸ್ಟಿಕ್ ಬಕೆಟ್, ರಟ್ಟಿನ ಪೆಟ್ಟಿಗೆ, ಗೋಣಿಚೀಲ ಬೇಡ. ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬಿ, ಮನೆಯಿಂದ ದೂರ ಕಲ್ಲಿನ ನೆಲದ ಮೇಲೆ ಇಡಿ. ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಲು ಹೋಗಬೇಡಿ. ಒಲೆಯಲ್ಲಿ ಒಂದು ಅಂಗುಲ ಬೂದಿ ಉಳಿಸಿದರೆ ಮುಂದಿನ ಬೆಂಕಿಗೆ ಒಳ್ಳೆಯ ಹಾಸಿಗೆ.

ಗಿಡಕ್ಕೆ ಹಾಕಬಹುದು, ಪೊಟ್ಯಾಷ್ ಮತ್ತು ಸುಣ್ಣದಂಶ ಇದೆ, ನಮ್ಮ ಕೆಂಪು ಮಣ್ಣಿಗೆ ಬುಡಕ್ಕೊಂದು ಹಿಡಿ ಸಾಕು. ಬಣ್ಣದ ಕಟ್ಟಿಗೆಯ ಬೂದಿ ಬೇಡ. ಪಕ್ಕದಲ್ಲೇ ಸ್ಟ್ರಾಬೆರಿ ಬೆಳೆಯುವವರಿದ್ದರೆ ಅವರಿಗೆ ದಾನ ಮಾಡಬೇಡಿ, ಸ್ಟ್ರಾಬೆರಿಗೆ ಸ್ವಲ್ಪ ಹುಳಿ ಮಣ್ಣೇ ಬೇಕು.